ನಮ್ಮೂರಲ್ಲಿ ನೀರು ನೂರಕ್ಕೆ ಕುದಿಯಲ್ಲ

ಪ್ರಶ್ನೆ: ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಈ ವರ್ಷ ಪಿಸಿಎಂ (ಭೌತ ವಿಜ್ಞಾನ, ರಸಾಯನ ವಿಜ್ಞಾನ, ಗಣಿತ) ಶಿಕ್ಷಕಿಯಾಗಿ ಸೇರಿದ್ದೇನೆ. ಒಂಬತ್ತನೇ ತರಗತಿಯಲ್ಲಿ 46 ಮಕ್ಕಳಿದ್ದಾರೆ. ಭೌತ ವಿಜ್ಞಾನ ಶುರು ಮಾಡುವ ಮೊದಲೇ ತರಗತಿಯ ನಿಯಮ, ಹೋಂವರ್ಕ್, ಪ್ರಯೋಗದ ಪುಸ್ತಕ, ಅಂಕ ಕೊಡುವ ರೀತಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಮಕ್ಕಳು, ಪೋಷಕರಿಂದ ಸಹಿ ಹಾಕಿಸಿಕೊಳ್ಳಬೇಕು ಅಂತ ಕೂತೆ. ಬರೆಯುತ್ತಾ ಹೋದರೆ 22 ನಿಯಮ ಆಯಿತು. ಹೆಡ್‌ಮಾಸ್ಟರು "ಇದೆಲ್ಲ ಯಾಕಮ್ಮ, ಪೋರ್ಷನ್ ಮುಗಿಸಿ ಸಾಕು" ಅನ್ನುತ್ತಾರೆ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ಉತ್ತರ: ಮೇಡಂ, ನಿಮ್ಮ ಹಾಳೆ ಓದಿದೆ. ನಗು ಬಂತು, ಆದರೆ ನಿಮ್ಮನ್ನು ನೋಡಿ ಅಲ್ಲ. ನಾನು ಕೆಲಸಕ್ಕೆ ಸೇರಿದ ವರ್ಷ ಹೀಗೇ 17 ನಿಯಮ ಬರೆದು, ದೊಡ್ಡ ಡ್ರಾಯಿಂಗ್ ಶೀಟಿನಲ್ಲಿ ಬಣ್ಣದ ಪೆನ್ನಿಂದ ತಿದ್ದಿ, ಗೋಡೆಗೆ ಅಂಟಿಸಿದ್ದೆ. ಒಬ್ಬರೂ ಓದಲಿಲ್ಲ. ದಸರಾ ರಜೆ ಮುಗಿದು ಬಂದಾಗ ಅದೇ ಶೀಟನ್ನು ಕಿತ್ತು, ಹಿಂಬದಿಯಲ್ಲಿ ಆವರ್ತ ಕೋಷ್ಟಕ ಬರೆದೆ. ಆ ಶೀಟು ಉಪಯೋಗಕ್ಕೆ ಬಂದದ್ದು ಆಮೇಲೆಯೇ.

ನಿಮ್ಮ 22ರಲ್ಲಿ ತಪ್ಪು ಅನ್ನುವಂಥದ್ದು ಒಂದೂ ಇಲ್ಲ. "ಸಮಯಕ್ಕೆ ಸರಿಯಾಗಿ ಬರಬೇಕು", "ಕೈ ಎತ್ತಿ ಮಾತಾಡಬೇಕು", "ಪುಸ್ತಕಕ್ಕೆ ಬೈಂಡ್ ಹಾಕಬೇಕು". ಇವು ಸಮಾಜ ವಿಜ್ಞಾನದ ತರಗತಿಗೂ ಸರಿ, ಹಿಂದಿ ತರಗತಿಗೂ ಸರಿ. ನಿಮ್ಮ ತರಗತಿಯಲ್ಲಿ ಬೇರೆ ಏನು ನಡೆಯುತ್ತದೆ ಅನ್ನುವುದು ಇವುಗಳಿಂದ ಮಗುವಿಗೆ ಗೊತ್ತಾಗುವುದಿಲ್ಲ. ನನ್ನನ್ನು ಕೇಳಿದರೆ ಭೌತ ವಿಜ್ಞಾನದ ತರಗತಿಗೆ ಬೇಕಾದ ದೊಡ್ಡ ನಿಯಮ ಒಂದೇ: ಕಂಡದ್ದನ್ನು ಬರಿ. ಪುಸ್ತಕದಲ್ಲಿ ಇರುವುದನ್ನಲ್ಲ, ಪಕ್ಕದವನು ಬರೆದದ್ದನ್ನಲ್ಲ, ಮೇಡಂಗೆ ಖುಷಿ ಆಗುವುದನ್ನೂ ಅಲ್ಲ.

ಇದನ್ನು ಬಾಯಲ್ಲಿ ಹೇಳಬೇಡಿ. ಮೊದಲ ದಿನ ನೀರು ಕುದಿಸಿ ತೋರಿಸಿ.

ಒಂದು ಬೀಕರಿನಲ್ಲಿ 100 ಮಿಲಿ ನೀರು, ತ್ರಿಪಾದಿ, ತಂತಿ ಬಲೆ, ಸ್ಪಿರಿಟ್ ದೀಪ, ಒಂದು ಥರ್ಮಾಮೀಟರ್. ಥರ್ಮಾಮೀಟರನ್ನು ಸ್ಟ್ಯಾಂಡಿಗೆ ಕಟ್ಟಿ, ಬುಡ ತಳಕ್ಕೆ ತಾಗದ ಹಾಗೆ ಇಳಿಬಿಡಿ. ಐದು ಮಕ್ಕಳು ಸರದಿಯಂತೆ ಬಂದು ನಿಮಿಷಕ್ಕೊಮ್ಮೆ ಓದಲಿ, ಒಬ್ಬರು ಬೋರ್ಡಿನ ಮೇಲೆ ಬರೆಯಲಿ. ಶುರು ಮಾಡುವ ಮೊದಲು ಕೇಳಿ: ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ? 46 ಮಕ್ಕಳೂ ಒಂದೇ ದನಿಯಲ್ಲಿ "ನೂರು" ಅನ್ನುತ್ತಾರೆ. ಆಯ್ತು ಅನ್ನಿ.

ಹತ್ತು ಹನ್ನೆರಡು ನಿಮಿಷಕ್ಕೆ ನೀರು ಕುದಿಯತೊಡಗುತ್ತದೆ. ಬೋರ್ಡಿನ ಮೇಲೆ 94, 96, 97, 98. ಆಮೇಲೆ 98, 98, 98. ತರಗತಿಯಲ್ಲಿ ಗುಸುಗುಸು ಶುರುವಾಗುತ್ತದೆ. ಓದಲು ಬಂದ ಹುಡುಗ ನಿಮ್ಮ ಮುಖ ನೋಡುತ್ತಾನೆ. "ಸರಿಯಾಗಿ ನೋಡೋ" ಅಂತ ಯಾರೋ ಹಿಂದಿನ ಬೆಂಚಿನಿಂದ ಕೂಗುತ್ತಾರೆ. ಅವನು ಮತ್ತೆ ಬಗ್ಗಿ ನೋಡಿ, ಅನುಮಾನದಿಂದಲೇ "ನೂರು ಮೇಡಂ" ಅಂದುಬಿಡುತ್ತಾನೆ. ನನ್ನ ತರಗತಿಯಲ್ಲಿ ಹೀಗೆ ಎಷ್ಟು ಸಲ ಆಗಿದೆಯೋ ಲೆಕ್ಕ ಇಟ್ಟಿಲ್ಲ. ಕಣ್ಣಿಗೆ 98 ಕಾಣುತ್ತಿದೆ, ಬಾಯಿ ನೂರು ಅನ್ನುತ್ತಿದೆ. ನಿಮ್ಮ ಇಡೀ ವರ್ಷದ ಪಾಠ ಇರುವುದು ಆ ಎರಡು ಡಿಗ್ರಿಯ ನಡುವೆ.

ಹುಡುಗನ ಕಣ್ಣೇ ಸರಿ. ಚಳ್ಳಕೆರೆಯಾಗಲಿ ದಾವಣಗೆರೆಯಾಗಲಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿವೆ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ. ಒತ್ತಡ ಕಡಿಮೆಯಾದರೆ ನೀರು ಕಡಿಮೆ ಉಷ್ಣತೆಗೇ ಕುದಿಯುತ್ತದೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ. ಹಾಗಾಗಿ ನಮ್ಮ ಕಡೆ ನೀರು ಕುದಿಯುವುದು 98ರ ಆಸುಪಾಸಿನಲ್ಲಿ. ಚಿತ್ರದುರ್ಗ ಪಟ್ಟಣ ಇನ್ನೂ ನೂರು ಮೀಟರಿಗಿಂತ ಜಾಸ್ತಿ ಎತ್ತರದಲ್ಲಿದೆ, ಅಲ್ಲಿ ಇನ್ನೊಂದು ಚೂರು ಕಡಿಮೆ. ಪುಸ್ತಕದ ನೂರು ಸಮುದ್ರ ಮಟ್ಟದ ಒತ್ತಡಕ್ಕೆ ಹೇಳಿದ್ದು. ಪುಸ್ತಕವೂ ಸರಿ, ಹುಡುಗನೂ ಸರಿ. "ಹಾಗಾದರೆ ಕುಕ್ಕರಿನಲ್ಲಿ?" ಅಂತ ಒಬ್ಬಳಾದರೂ ಕೇಳುತ್ತಾಳೆ. ಕೇಳದಿದ್ದರೆ ನೀವೇ ಕೇಳಿ. ಅಲ್ಲಿ ಆವಿಯನ್ನು ಕೂಡಿಹಾಕಿ ಒತ್ತಡ ಏರಿಸಿದ್ದೇವೆ, ನೀರು 120ರ ಹತ್ತಿರ ಹೋಗುತ್ತದೆ, ಅದಕ್ಕೇ ಬೇಳೆ ಬೇಗ ಬೇಯುತ್ತದೆ. ದೀಪ ಉರಿಯುತ್ತಿದ್ದರೂ 98ಕ್ಕೇ ಯಾಕೆ ನಿಂತಿತು ಅನ್ನುವುದನ್ನು ಆ ದಿನ ಹೇಳಬೇಡಿ. ಗುಪ್ತೋಷ್ಣದ (ಉಷ್ಣತೆ ಏರಿಸದೆ ನೀರನ್ನು ಆವಿ ಮಾಡುವ ಶಾಖದ) ಪಾಠ ಬರುವ ತನಕ ಅದು ಅವರ ತಲೆಯಲ್ಲಿ ಕೊರೆಯುತ್ತಿರಲಿ.

ಅಂಕದ ನಿಯಮವನ್ನೂ ಆಗಲೇ ಹೇಳಿ. ಈ ತರಗತಿಯಲ್ಲಿ 98 ಅಂತ ಬರೆದವರಿಗೆ ಪೂರ್ತಿ ಅಂಕ. 97 ಅಂತ ಬರೆದು, "ನಮ್ಮ ಥರ್ಮಾಮೀಟರಿನಲ್ಲಿ ಹೀಗೇ ಬಂತು" ಅಂದವರಿಗೂ ಪೂರ್ತಿ. ನೂರು ಅಂತ ಬರೆದವರನ್ನು ಮಾತ್ರ ಕರೆದು ಕೇಳುತ್ತೇನೆ.

ಈ ನಿಯಮವನ್ನು ನಾನು ಕಲಿತದ್ದು ನನ್ನ ತಪ್ಪಿನಿಂದಲೇ. ಲೋಲಕದ ಪ್ರಯೋಗ ಮಾಡಿಸಿದ್ದೆ. ಒಂದು ಮೀಟರ್ ದಾರ, ತುದಿಗೆ ಗುಂಡು, 20 ಆಂದೋಲನಕ್ಕೆ ಎಷ್ಟು ಸೆಕೆಂಡು ಅಂತ ನೋಡುವುದು. ಉತ್ತರ 40ರ ಹತ್ತಿರ ಬರಬೇಕು. ಪುಸ್ತಕಗಳನ್ನು ತಿದ್ದಲು ಕೂತರೆ ಎಲ್ಲರದ್ದೂ 40.1, 40.1, 40.1. ಒಬ್ಬ ಹುಡುಗಿಯದ್ದು ಮಾತ್ರ 38. ಕೆಂಪು ಶಾಯಿಯಲ್ಲಿ ಅಡ್ಡ ಗೀಟು ಹಾಕಿ ಅರ್ಧ ಅಂಕ ಕಳೆದೆ. ಮರುದಿನ ಅವಳು ಟೇಬಲ್ ಹತ್ತಿರ ಬಂದು, "ಸಾರ್, ನಾನು ಮೂರು ಸಲ ಮಾಡಿದೆ, ಮೂರು ಸಲವೂ 38 ಬಂತು" ಅಂದಳು. ಮಾಡಿ ತೋರಿಸು ಅಂದೆ. ಗುಂಡು ಬಿಡುತ್ತಿದ್ದ ಹಾಗೆಯೇ "ಒಂದು" ಅಂತ ಎಣಿಸಿದಳು. ಬಿಡುವಾಗ ಸೊನ್ನೆ ಅನ್ನಬೇಕು, ಹೋಗಿ ವಾಪಸ್ ಬಂದ ಮೇಲೆ ಒಂದು. ಅವಳು 20 ಅಂದಾಗ ನಿಜವಾಗಿ ಆಗಿದ್ದದ್ದು 19. ಒಂದಕ್ಕೆ ಎರಡು ಸೆಕೆಂಡಿನ ಲೆಕ್ಕದಲ್ಲಿ 19ಕ್ಕೆ 38. ಅಂದರೆ ಅವಳ ಗಡಿಯಾರ ಸರಿ, ದಾರ ಸರಿ, ಕಣ್ಣು ಸರಿ. ತಪ್ಪಿದ್ದು ಎಣಿಕೆ ಶುರು ಮಾಡುವ ಜಾಗದಲ್ಲಿ ಮಾತ್ರ. ಉಳಿದವರಲ್ಲಿ ಅರ್ಧ ಜನ ದಾರವನ್ನೇ ಮುಟ್ಟಿರಲಿಲ್ಲ, ಗೈಡಿನಿಂದ ಇಳಿಸಿದ್ದರು. ಪ್ರಯೋಗ ಮಾಡಿದವಳಿಗೆ ಅಂಕ ಕಳೆದು ಮಾಡದವರಿಗೆ ಕೊಟ್ಟಿದ್ದೆ. ಆ ಅರ್ಧ ಅಂಕ ವಾಪಸ್ ಕೊಟ್ಟೆ. ಅಂದಿನಿಂದ "ಸೊನ್ನೆಯಿಂದ ಎಣಿಸು" ಅನ್ನುವುದು ನಮ್ಮ ತರಗತಿಯ ಗಾದೆಯಾಯಿತು.

ಹಾಗಾಗಿ ಪ್ರಯೋಗದ ಪುಸ್ತಕಕ್ಕೆ ಹತ್ತು ಅಂಕ ಇಟ್ಟುಕೊಂಡರೆ, ಉತ್ತರ ಪಠ್ಯಪುಸ್ತಕದ ಜೊತೆ ಹೊಂದುವುದಕ್ಕೆ ಎರಡಕ್ಕಿಂತ ಜಾಸ್ತಿ ಇಡಬೇಡಿ. ಉಳಿದ ಎಂಟು ಅಳತೆಗೆ, ಕೋಷ್ಟಕಕ್ಕೆ, ಮತ್ತು "ಯಾಕೆ ಹೀಗೆ ಬಂದಿರಬಹುದು" ಅಂತ ಸ್ವಂತ ಮಾತಿನಲ್ಲಿ ಬರೆದ ಎರಡು ಸಾಲಿಗೆ. ಅಳತೆಯನ್ನು ಪೆನ್ನಿನಲ್ಲೇ ಬರೆಯಲಿ. ತಪ್ಪಾದರೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಬರೆಯಲಿ. ವೈಟ್ನರ್ ಬೇಡವೇ ಬೇಡ. ಹೊಡೆದುಹಾಕಿದ ಅಂಕಿಯಲ್ಲೂ ನಿಮಗೆ ಬೇಕಾದ ಕತೆ ಇರುತ್ತದೆ. ಒಂದೇ ಗುಂಪಿನ ಐವರ ಅಳತೆ ಒಂದೇ ಆಗಿರುವುದು ಸಹಜ. ಐವರ ವಾಕ್ಯವೂ ಒಂದೇ ಆಗಿದ್ದರೆ ನಕಲು. ಗಲಾಟೆ ಮಾಡಬೇಡಿ, ಆ ಎರಡು ಸಾಲನ್ನು ನಿಮ್ಮ ಮುಂದೆ ಕೂತು ಮತ್ತೆ ಬರೆಸಿ.

ಈಗ ಪ್ರಯೋಗಾಲಯ. ನಿಮ್ಮ ಶಾಲೆಯಲ್ಲಿ ಪ್ರತ್ಯೇಕ ಕೋಣೆ ಇದೆಯೋ, ಅಥವಾ ಆಫೀಸಿನ ಮೂಲೆಯ ಬೀರುವೇ ಪ್ರಯೋಗಾಲಯವೋ ನೀವು ಬರೆದಿಲ್ಲ. ಬೀರುವೇ ಆದರೂ ಈ ವಿಷಯದಲ್ಲಿ ಮಾತ್ರ ರಾಜಿ ಬೇಡ. ನಿಮ್ಮ ಹಾಳೆಯಲ್ಲಿ "ಪ್ರಯೋಗಾಲಯದಲ್ಲಿ ಶಿಸ್ತಿನಿಂದ ಇರಬೇಕು" ಅಂತ ಒಂದೇ ಸಾಲು ಇದೆ. ಶಿಸ್ತು ಅಂದರೆ ಮಗು ಕೈ ಕಟ್ಟಿ ನಿಲ್ಲುತ್ತದೆ. ಕೈ ಕಟ್ಟಿ ನಿಂತವರಿಗೂ ಆಸಿಡ್ ಸಿಡಿಯುತ್ತದೆ.

ಮೊದಲು ಚಪ್ಪಲಿ. ನಮ್ಮ ಶಾಲೆಗಳಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುವ ರೂಢಿ. ಒಳ್ಳೆಯ ರೂಢಿಯೇ. ಆದರೆ ಪ್ರಯೋಗದ ದಿನ ಅದು ಉಲ್ಟಾ: ಕಾಲಿಗೆ ಏನಾದರೂ ಇರಲೇಬೇಕು. ನೆಲದ ಮೇಲೆ ಗಾಜಿನ ಚೂರು ಕಾಣುವುದಿಲ್ಲ. ಹೆಣ್ಣುಮಕ್ಕಳು ಜಡೆ ಹಿಂದಕ್ಕೆ ಹಾಕಿ, ವೇಲ್ ಸೊಂಟಕ್ಕೆ ಕಟ್ಟಿಕೊಳ್ಳಲಿ. ಉರಿಯುವ ಸ್ಪಿರಿಟ್ ದೀಪಕ್ಕೆ ಸ್ಪಿರಿಟ್ ಸುರಿಯುವುದನ್ನು ಯಾರೂ, ನೀವೂ ಕೂಡ, ಮಾಡಬಾರದು. ಆರಿಸಿ, ತಣ್ಣಗಾದ ಮೇಲೆ ತುಂಬಿ. ಆರಿಸುವುದು ಮುಚ್ಚಳದಿಂದ, ಬಾಯಿಂದ ಊದಿ ಅಲ್ಲ. ವಾಸನೆ ನೋಡಬೇಕಾದರೆ ಮೂಗು ಪ್ರನಾಳದ ಮೇಲೆ ಇಡದೆ, ಕೈಯಿಂದ ಗಾಳಿಯನ್ನು ಮೂಗಿನ ಕಡೆಗೆ ಬೀಸಿಕೊಳ್ಳಬೇಕು. ಮೆಗ್ನೀಸಿಯಂ ತಂತಿ ಉರಿಯುವಾಗ ನೇರವಾಗಿ ನೋಡಬಾರದು. ನೀರು ಬೆರೆಸದ ಸಾಂದ್ರ ಆಮ್ಲದ ಬಾಟಲಿ ಮಕ್ಕಳ ಕೈಗೆ ಬರಲೇಬಾರದು, ತೆಳು ಮಾಡುವುದು ನಿಮ್ಮ ಕೆಲಸ. ಆಗ ನೀರಿಗೆ ಆಮ್ಲವನ್ನು ನಿಧಾನವಾಗಿ ಹಾಕಬೇಕು, ಆಮ್ಲಕ್ಕೆ ನೀರನ್ನಲ್ಲ. ಆಮ್ಲದ ಮೇಲೆ ಬಿದ್ದ ನೀರು ಅಲ್ಲೇ ಕಾದು ಕುದ್ದು ಮುಖಕ್ಕೆ ಸಿಡಿಯುತ್ತದೆ. ವಿದ್ಯುತ್ತಿನ ಪ್ರಯೋಗಕ್ಕೆ ಬ್ಯಾಟರಿ ಶೆಲ್ ಮಾತ್ರ, ಗೋಡೆಯ ಪ್ಲಗ್ಗಿನ ತಂಟೆಗೆ ಹೋಗುವುದೇ ಬೇಡ.

ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು ಬಾಗಿಲ ಹತ್ತಿರ ಇರಲಿ. ನಿಮ್ಮ ಕಡೆ ನೀರಿಗೆ ತಾಪತ್ರಯ ಅಂತ ಗೊತ್ತು, ಆದರೂ ಇರಲಿ. ಸುಟ್ಟರೆ ಹತ್ತು ಇಪ್ಪತ್ತು ನಿಮಿಷ ತಣ್ಣೀರು ಹರಿಸಬೇಕು. ಮನೆಯಲ್ಲಿ ಟೂತ್‌ಪೇಸ್ಟು, ಶಾಯಿ ಹಚ್ಚುವುದನ್ನು ನೋಡಿರುತ್ತಾರೆ, ಅವೆರಡೂ ಬೇಡ ಅಂತ ಬಾಯಿಬಿಟ್ಟು ಹೇಳಿ.

ಒಡೆದ ಗಾಜಿಗೆ ದಂಡ ಹಾಕಬೇಡಿ. ನಿಮ್ಮ 14ನೇ ನಿಯಮ ಇದು, ದಯವಿಟ್ಟು ಹೊಡೆದುಹಾಕಿ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಒಡೆದದ್ದಕ್ಕೆ ದುಡ್ಡು ಕೊಡಬೇಕು ಅನ್ನುವ ನಿಯಮ ಇತ್ತು. ಒಬ್ಬ ಹುಡುಗ ಪಾದರಸದ ಥರ್ಮಾಮೀಟರ್ ಒಡೆದು, ಹೆದರಿ, ಚೂರುಗಳನ್ನೂ ಪಾದರಸದ ಗುಂಡುಗಳನ್ನೂ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಿದ್ದ. ಎರಡು ಪಿರಿಯಡ್ ಆದ ಮೇಲೆ ಪಕ್ಕದವನು ಬಂದು ಹೇಳಿದ. ಪಾದರಸದ ಆವಿ ವಿಷ. ಅದನ್ನು ಕೈಯಲ್ಲಿ ಮುಟ್ಟಬಾರದು, ಪೊರಕೆಯಿಂದ ಗುಡಿಸಲೂ ಬಾರದು, ಗುಡಿಸಿದರೆ ಇನ್ನಷ್ಟು ಸಣ್ಣ ಹನಿಯಾಗಿ ಹರಡುತ್ತದೆ. ಆ ಹುಡುಗನಿಗೆ ಏನೂ ಆಗಲಿಲ್ಲ, ಪುಣ್ಯ. ಅಂದಿನಿಂದ ನನ್ನ ನಿಯಮ: ಒಡೆದು ಹೇಳಿದವರಿಗೆ ಒಂದು ಮಾತೂ ಇಲ್ಲ. ಮುಚ್ಚಿಟ್ಟವರಿಗೆ ಆ ತಿಂಗಳು ಪ್ರಯೋಗ ಇಲ್ಲ, ನೋಡುತ್ತಾ ಕೂರಬೇಕು. ಮಕ್ಕಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಕೋಲಿನ ಮಾತು ಬಿಡಿ, 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ ನಿಷೇಧಿಸಿದೆ. ಸಾಧ್ಯವಾದರೆ ಥರ್ಮಾಮೀಟರ್ ಕೊಳ್ಳುವಾಗ ಕೆಂಪು ದ್ರವದ್ದನ್ನೇ ತರಿಸಿ.

ಲೆಕ್ಕದ ವಿಷಯಕ್ಕೆ ಬರೋಣ. ಹೋಂವರ್ಕ್ ದಿನಕ್ಕೆ ಹತ್ತು ಲೆಕ್ಕ ಅಂತ ಬರೆದಿದ್ದೀರಿ. ಮೂರು ಸಾಕು. 46 ಪುಸ್ತಕ, ಹತ್ತು ಲೆಕ್ಕ ಅಂದರೆ 460. ನೀವು ನೋಡುವುದಿಲ್ಲ, ಬರೀ ರೈಟ್ ಹಾಕಿ ಸಹಿ ಮಾಡುತ್ತೀರಿ. ನಾನೂ ಮಾಡಿದ್ದೇನೆ. ನೋಡುವುದಿಲ್ಲ ಅಂತ ಮಕ್ಕಳಿಗೆ ಒಂದು ವಾರದಲ್ಲಿ ಗೊತ್ತಾಗುತ್ತದೆ. ಮೂರೇ ಕೊಟ್ಟು, ದತ್ತ, ಸೂತ್ರ, ಬೆಲೆ ಹಾಕುವುದು, ಏಕಮಾನದ ಜೊತೆ ಉತ್ತರ ಎಲ್ಲವನ್ನೂ ಹಂತವಾಗಿ ಕೇಳಿ.

ಹಂತ ಯಾಕೆ ಬೇಕು ಅಂತ ಮಕ್ಕಳು ಕೇಳುತ್ತಾರೆ. ಒಂದು ಬಸ್ಸಿನ ಲೆಕ್ಕ ಹೇಳಿ. ಚಿತ್ರದುರ್ಗದಿಂದ ದಾವಣಗೆರೆಗೆ 60 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಬಸ್ಸು ಒಂದೂಕಾಲು ಗಂಟೆಯಲ್ಲಿ ಹೋಯಿತು. ಜವ ಎಷ್ಟು? ಒಬ್ಬ 60ನ್ನು 75 ನಿಮಿಷದಿಂದ ಭಾಗಿಸಿ "ಗಂಟೆಗೆ 0.8 ಕಿ.ಮೀ." ಅಂತ ಬರೆಯುತ್ತಾನೆ. ಇವನನ್ನು ಹಿಡಿಯುವುದು ಸುಲಭ. ಆ ಬಸ್ಸು ಹತ್ತಿದರೆ ದಾವಣಗೆರೆ ತಲುಪಲು 75 ಗಂಟೆ ಬೇಕು, ಮೂರು ದಿನ! ತರಗತಿ ನಗುತ್ತದೆ, ಅವನೂ ನಗುತ್ತಾನೆ, ಜನ್ಮದಲ್ಲಿ ಮರೆಯಲ್ಲ. ಕಷ್ಟದವಳು ಇನ್ನೊಬ್ಬಳು. ಒಂದು ಗಂಟೆ 15 ನಿಮಿಷವನ್ನು 1.15 ಅಂತ ಬರೆದು ಭಾಗಿಸಿದ್ದಾಳೆ. ಉತ್ತರ ಸುಮಾರು 52. ಬಸ್ಸು 52ರಲ್ಲಿ ಹೋಗಬಹುದು, ಅಲ್ವಾ? ಯಾರಿಗೂ ಅನುಮಾನ ಬರುವುದಿಲ್ಲ. ಹಂತ ಬರೆದಿದ್ದರೆ ಮಾತ್ರ 1.15 ಕಣ್ಣಿಗೆ ಬೀಳುತ್ತದೆ. ಸರಿ ಉತ್ತರ 48. ಹಂತ ಬರೆದು ಹೀಗೆ ಒಂದು ಕಡೆ ತಪ್ಪಿದವರಿಗೆ ನಾನು ಮೂರಕ್ಕೆ ಎರಡು ಅಂಕ ಕೊಡುತ್ತಿದ್ದೆ. ಏಕಮಾನ ಬಿಟ್ಟವರಿಗೆ ಅರ್ಧ ಕಡಿತ, ವರ್ಷಪೂರ್ತಿ, ದಯೆ ಇಲ್ಲದೆ. ಬರೀ 48 ಅಂದರೆ 48 ಏನು, ಕುರಿಯೋ, ಕಿಲೋಮೀಟರೋ?

ಪದಗಳ ವಿಷಯದಲ್ಲಿ ಮಾತ್ರ ದಯೆ ಇರಲಿ. ಮನೆಯಲ್ಲಿ ನಾವು ಎಲ್ಲದಕ್ಕೂ "ಸ್ಪೀಡು" ಅನ್ನುತ್ತೇವೆ. ಪುಸ್ತಕದಲ್ಲಿ ಜವ (ಎಷ್ಟು ಬೇಗ) ಬೇರೆ, ವೇಗ (ಎಷ್ಟು ಬೇಗ, ಯಾವ ದಿಕ್ಕಿಗೆ) ಬೇರೆ. ಶೇಂಗಾ ಚೀಲದ ತೂಕ 50 ಕೆ.ಜಿ. ಅಂತ ಸಂತೆಯಲ್ಲಿ ಹೇಳಿದರೆ ಸರಿ, ನಿಮ್ಮ ತರಗತಿಯಲ್ಲಿ ಅದು ದ್ರವ್ಯರಾಶಿ; ತೂಕ ಅಂದರೆ ಭೂಮಿ ಅದನ್ನು ಎಳೆಯುವ ಬಲ, 490 ನ್ಯೂಟನ್. ಮಗು ಮನೆಯ ಮಾತು ಆಡಿದಾಗ ನಗಬೇಡಿ. ಎರಡು ಕಾಲಂ ಮಾಡಿಸಿ: ಮನೆಯ ಮಾತು, ತರಗತಿಯ ಮಾತು. ಪಕ್ಕದಲ್ಲೇ ಇಂಗ್ಲಿಷ್ ಪದವನ್ನೂ ಕನ್ನಡ ಅಕ್ಷರದಲ್ಲಿ ಬರೆಸಿ. ಮುಂದೆ ಪಿಯುಸಿಗೆ ವಿಜ್ಞಾನ ತೆಗೆದುಕೊಂಡವರು ಮೊದಲು ಮುಗ್ಗರಿಸುವುದೇ ಈ ಪದಗಳಲ್ಲಿ.

ಪ್ರಾಜೆಕ್ಟಿಗೆ ನನ್ನದು ಒಂದೇ ಷರತ್ತು, ಒಂದು ರೂಪಾಯಿಯೂ ಖರ್ಚಾಗಬಾರದು. ಅಂಗಡಿಯ ಥರ್ಮಾಕೋಲು ಮನೆಗೆ, ಮನೆಯಿಂದ ಶಾಲೆಗೆ, ಶಾಲೆಯಿಂದ ತಿಪ್ಪೆಗೆ. ಅದರ ಬದಲು ಮಂಡಕ್ಕಿ ಕೊಡಿ. ದಾವಣಗೆರೆಯಲ್ಲಿ ಇದ್ದಾಗ ಮಕ್ಕಳನ್ನು ಮಂಡಕ್ಕಿ ಭಟ್ಟಿಗೆ ಕರೆದುಕೊಂಡು ಹೋಗುತ್ತಿದ್ದೆ. ಕಾದ ಮರಳಿಗೆ ಅಕ್ಕಿ ಬೀಳುತ್ತದೆ, ಒಳಗಿನ ತೇವ ಆವಿಯಾಗಿ ಕಾಳನ್ನು ಉಬ್ಬಿಸುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮಂಡಕ್ಕಿ. ಭಟ್ಟಿ ಇಲ್ಲದ ಊರಿನಲ್ಲೂ ಒಂದು ಲೋಟ ಅಕ್ಕಿ, ಒಂದು ಲೋಟ ಮಂಡಕ್ಕಿ ತೂಗಿ ನೋಡಬಹುದು. ಎಷ್ಟು ಪಟ್ಟು ವ್ಯತ್ಯಾಸ? ಮಂಡಕ್ಕಿಯನ್ನು ಸೇರಿನಲ್ಲಿ ಅಳೆದು ಕೊಡುವುದು ಯಾಕೆ? ಸಾಂದ್ರತೆಯ ಪಾಠ ಅರ್ಧ ಮುಗಿಯಿತು. ತೂಗಿದ ಮೇಲೆ ತಿನ್ನಬಹುದು, ಪ್ರಯೋಗಾಲಯದ ಪಾತ್ರೆಯಲ್ಲಿ ಹಾಕದಿದ್ದರೆ ಮಾತ್ರ.

ಗೈರುಹಾಜರಿ. "ಮೂರು ದಿನ ತಪ್ಪಿಸಿದರೆ ಪೋಷಕರನ್ನು ಕರೆತರಬೇಕು" ಅಂತ ಬರೆದಿದ್ದೀರಿ. ಶೇಂಗಾ ಕೀಳುವ ಕಾಲ ಬರಲಿ, ಅರ್ಧ ತರಗತಿ ಹೊಲದಲ್ಲಿರುತ್ತದೆ. ಪೋಷಕರೂ ಅಲ್ಲೇ ಇರುತ್ತಾರೆ, ಯಾರನ್ನು ಕರೆಸುತ್ತೀರಿ? ಕುರಿ ಮೇಯಿಸಲು ಹೋಗುವ ಮನೆಯ ಮಕ್ಕಳದ್ದು ಇನ್ನೊಂದು ಕತೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮುಕ್ಕಾಲು ಗಂಟೆ ತಪ್ಪಿದ ಪ್ರಯೋಗಕ್ಕೆ ಅಂತಲೇ ಇಡಿ. ಯಾಕೆ ಬಂದಿಲ್ಲ ಅಂತ ಕೇಳಬೇಡಿ, ಬಂದು ಮಾಡಲಿ. ತಡವಾಗಿ ಕೊಟ್ಟ ಪುಸ್ತಕಕ್ಕೆ ಒಂದು ವಾರದ ತನಕ ಅಂಕ ಕಡಿಯಬೇಡಿ, ಆಮೇಲೆ ಒಂದು ಅಂಕ. ಹೊಲದಿಂದ ಬಂದ ಮಗುವಿನ ಹತ್ತಿರ ತೂರುವುದರ ಬಗ್ಗೆ ಕೇಳಿ. ಗಾಳಿಗೆ ಹಿಡಿದರೆ ಹೊಟ್ಟು ದೂರ, ಕಾಳು ಹತ್ತಿರ ಯಾಕೆ ಬೀಳುತ್ತದೆ? ಮಿಶ್ರಣ ಬೇರ್ಪಡಿಸುವ ಪಾಠದಲ್ಲಿ ಆ ದಿನ ಅವನೇ ಮೇಷ್ಟ್ರು.

ಇನ್ನು ನಿಮ್ಮ ಹೆಡ್‌ಮಾಸ್ಟರು. ಅವರ ಮೇಲೂ ಒತ್ತಡ ಇದೆ, ಫಲಿತಾಂಶ ಕಡಿಮೆಯಾದರೆ ನೋಟಿಸು ಬರುವುದು ಅವರಿಗೆ. ವಾದ ಮಾಡಬೇಡಿ. ಹತ್ತನೇ ತರಗತಿಯ ವಿಜ್ಞಾನದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 80ರಲ್ಲೂ ಚಿತ್ರ, ಹಂತ, ಕಾರಣ ಕೊಡುವ ಪ್ರಶ್ನೆಗಳಿವೆ. ಪ್ರಯೋಗ ಕೈಯಾರೆ ಮಾಡಿದವನು ಉಪಕರಣದ ಚಿತ್ರವನ್ನು ಕಂಠಪಾಠ ಮಾಡಬೇಕಿಲ್ಲ. ಈ ಮಾತನ್ನು ಒಂದೇ ಸಲ, ಚಹಾ ಕುಡಿಯುವಾಗ ಹೇಳಿ. ಸಾಧ್ಯವಾದರೆ ನೀರು ಕುದಿಸುವ ದಿನ ಅವರನ್ನೂ ಕರೆಯಿರಿ. ಅವರೂ ನೂರೇ ಅನ್ನುತ್ತಾರೆ, ನೋಡುತ್ತಿರಿ.

ಪೋಷಕರ ಸಹಿ ಬೇಕೇ? ಬೇಕು, ಆದರೆ 22 ನಿಯಮಕ್ಕಲ್ಲ. ಅರ್ಧ ಹಾಳೆಯಲ್ಲಿ ಮೂರು ಸಾಲು ಬರೆಯಿರಿ: ಪ್ರಯೋಗದ ದಿನ ಚಪ್ಪಲಿ ಹಾಕಿ ಕಳಿಸಿ, ಪ್ರಾಜೆಕ್ಟಿಗೆ ದುಡ್ಡು ಕೇಳಿದರೆ ಕೊಡಬೇಡಿ, ಮಗುವಿಗೆ ಯಾವುದಾದರೂ ಅಲರ್ಜಿ, ಫಿಟ್ಸ್, ಉಬ್ಬಸ ಇದ್ದರೆ ತಿಳಿಸಿ. ಓದಲು ಬಾರದ ತಾಯಿಗೆ ಮಗುವೇ ಓದಿ ಹೇಳಲಿ.

ಒಂದು ಕೆಲಸ ಮಾತ್ರ ಮರೆಯಬೇಡಿ. ತರಗತಿಯಲ್ಲಿ ನೀರು ಕುದಿಸುವ ಹಿಂದಿನ ದಿನ, ಯಾವುದಾದರೂ ಕೂಲ್‌ಡ್ರಿಂಕ್ಸ್ ಅಂಗಡಿಯಿಂದ ಮಂಜುಗಡ್ಡೆ ತಂದು, ಪುಡಿ ಮಾಡಿ, ಸ್ವಲ್ಪ ನೀರು ಹಾಕಿ, ಥರ್ಮಾಮೀಟರನ್ನು ಅದರಲ್ಲಿ ಐದು ನಿಮಿಷ ಇಟ್ಟು ನೋಡಿ. ಮಂಜು ಕರಗುವ ಉಷ್ಣತೆ ಎತ್ತರಕ್ಕೆ ಬಗ್ಗುವುದಿಲ್ಲ, ಸೊನ್ನೆಯೇ ತೋರಿಸಬೇಕು. ನಿಮ್ಮದು ಎರಡು ತೋರಿಸಿದರೆ, ಮರುದಿನ ಕುದಿಯುವ ನೀರಿನಲ್ಲಿ ಅದು ನೂರನ್ನೇ ತೋರಿಸಿಬಿಡಬಹುದು, ಆಗ ನಮ್ಮ ಆಟ ಕೆಟ್ಟಿತು. ಬೀರುವಿನಲ್ಲಿ ಇರುವ ಎಲ್ಲ ಥರ್ಮಾಮೀಟರನ್ನೂ ಒಟ್ಟಿಗೇ ಇಟ್ಟು ನೋಡಿ, ಸೊನ್ನೆ ತೋರಿಸಿದ್ದಕ್ಕೆ ಒಂದು ಕೆಂಪು ದಾರ ಕಟ್ಟಿಡಿ.